ಲಕ್ಕಿಹಳ್ಳದ ದಾರಿ

ಹಾಸನ
ಅಕ್ಟೋಬರ್ ೨೪, ಗುರುವಾರ

ಪೂಜ್ಯ ಮಾತಾಜಿಯವರ ಚರಣಗಳಿಗೆ ತಂಗಿ ಪ್ರಾರ್ಥನಾ ಮಾಡುವ ವಂದಾಮಿ.

ಮೇಲಿನ ಸಾಲು ಕ್ರಮಕ್ಕಾಗಿ ಬರೆದದ್ದು. ಇನ್ನು ಮುಂದೆ ಅಕ್ಕ ಎಂದೇ ಬರೆಯುತ್ತೇನೆ, ಕ್ಷಮಿಸು. ನಿನ್ನ ದೀಕ್ಷೆಯಾದಂದಿನಿಂದ ಎದುರಿಗೆ ಬಂದಾಗಲೆಲ್ಲ ‘ತಾವು’ ಎಂದೇ ಮಾತಾಡಿದ್ದೇನೆ, ದೂರ ಕೂತಿದ್ದೇನೆ, ಕೈ ಮುಟ್ಟಿಲ್ಲ. ಇವತ್ತು ಮಾತ್ರ ‘ತಾವು’ ಎಂದು ಬರೆಯಲು ಹೋದರೆ ಪೆನ್ನು ನಿಂತುಬಿಡುತ್ತದೆ. ನಿನ್ನ ಆರೋಗ್ಯ ಹೇಗಿದೆ? ಮೊಣಕಾಲಿನ ನೋವು ಹೇಗಿದೆ? ಬೆಳಗಾವಿಯ ಕಡೆ ಈ ಸಲ ಮಳೆ ಬಿಡದೆ ಹಿಡಿದಿದೆ ಎಂದು ಕೇಳಿದೆ. ಚಾತುರ್ಮಾಸಕ್ಕೆ ನಿಮ್ಮ ಸಂಘ ನಿಂತಿರುವ ಬಸದಿಯ ಕೋಣೆ ಸೋರುವುದಿಲ್ಲ ತಾನೆ? ದಿನಕ್ಕೆ ಒಂದು ಹೊತ್ತು ಉಣ್ಣುವವಳು ನೀನು. ಆ ಒಂದು ಹೊತ್ತಿನಲ್ಲಾದರೂ ಊಟ ನಡುವೆ ನಿಲ್ಲಿಸುವಂಥ ಅಂತರಾಯ ಬಾರದಿರಲಿ, ಹೊಟ್ಟೆ ತುಂಬಲಿ ಎಂದು ದಿನಾ ಬೆಳಿಗ್ಗೆ ಅಂದುಕೊಳ್ಳುತ್ತೇನೆ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ಪದ್ಧತಿ. ಬರೆಯಲಾರೆ. ಅಮ್ಮನ ವಿಷಯ ಕೊನೆಗೆ ಬರೆಯುತ್ತೇನೆ, ಮೊದಲು ಅಪ್ಪಾಜಿಯದು.

ಅಪ್ಪಾಜಿ ಹೋದ ಸುದ್ದಿಯನ್ನು ನಿಮ್ಮ ಸಂಘದ ಜೊತೆಗಿರುವ ಶೋಭಿತಾ ದೀದಿಗೆ ನಾನೇ ಫೋನಿನಲ್ಲಿ ಹೇಳಿದೆ. ‘ನೀರಿನಲ್ಲಿ ಹೋದರು’ ಎಂದಷ್ಟೇ ಹೇಳಲು ಆಯಿತು. ಮಾತಾಜಿ ಕೇಳಿದರು, ಕಣ್ಣು ಮುಚ್ಚಿ ಸಾಮಾಯಿಕದ ಧ್ಯಾನಕ್ಕೆ ಕೂತರು ಎಂದು ದೀದಿ ತಿರುಗಿ ಫೋನ್ ಮಾಡಿದರು. ನಿನಗೆ ಸೂತಕವಿಲ್ಲ, ಅಳುವ ಹಾಗೂ ಇಲ್ಲ, ಗೊತ್ತು. ಆದರೆ ‘ನೀರು’ ಎಂದರೆ ಯಾವ ನೀರು ಎಂದು ನಿನಗೆ ಅನ್ನಿಸಿರಬೇಕು. ಕೆರೆಯೂ ಅಲ್ಲ, ಹೊಳೆಯೂ ಅಲ್ಲ, ಅಕ್ಕ. ನಮ್ಮ ಮನೆಯ ಹಿಂದಿನ ಲಕ್ಕಿಹಳ್ಳ.

ಲಕ್ಕಿಹಳ್ಳ ನಿನಗೆ ನೆನಪಿದೆಯೋ, ಅದನ್ನೂ ಬಿಟ್ಟುಹೋದೆಯೋ ತಿಳಿಯದು. ಬೂವನಹಳ್ಳಿ ದಿಕ್ಕಿನ ಕಲ್ಲುಬೋರೆಯ ಬುಡದ ಜೌಗಿನಲ್ಲಿ ಹುಟ್ಟುವ ಹಳ್ಳ. ಬೇಸಿಗೆಯಲ್ಲಿ ದಾಟಿದರೆ ಚಪ್ಪಲಿಯೂ ನೆನೆಯುತ್ತಿರಲಿಲ್ಲ. ಅಪ್ಪಾಜಿ ಪಾತ್ರೆ ಅಂಗಡಿ ಮಾರಿ ಈ ಬಡಾವಣೆಯಲ್ಲಿ ಮನೆ ಕಟ್ಟಿಸಿದ ಹೊಸತರಲ್ಲಿ ಅಮ್ಮನಿಗೆ ಒಂದೇ ಕೊರಗಿತ್ತು. ಹಳೆಯ ಮನೆಯಲ್ಲಿ ಬಾವಿಯಿತ್ತು, ನೀರು ಸೋಸಿದ ಬಟ್ಟೆಯನ್ನು ಜಾಲಾಡಿ ಅದರಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಬಾವಿಗೇ ಬಿಡುತ್ತಿದ್ದಳು. ಇಲ್ಲಿ ನಲ್ಲಿ ನೀರು. ಸೋಸಿ ಉಳಿದದ್ದನ್ನು ಎಲ್ಲಿಗೆ ಬಿಡುವುದು? ಅಪ್ಪಾಜಿ ಹೇಳಿದ ಉತ್ತರ ನಿನಗೂ ನೆನಪಿರುತ್ತದೆ: “ನಲ್ಲೀಲಿ ಬರೋದು ಹೇಮಾವತಿ ನೀರು. ಈ ಹಳ್ಳ ಸೇರೋದೂ ಹೇಮಾವತೀಗೆ. ಬೆಳಿಗ್ಗೆ ಹಳ್ಳಕ್ಕೆ ಬಿಟ್ರೆ ಅವುಗಳನ್ನ ಅವುಗಳ ಮನೇಗೇ ಕಳಿಸ್ದಂಗಾಯ್ತು.” ಅಮ್ಮ ಬಿಡುವವಳೇ? “ಸೇರೋದನ್ನ ನೀವು ನೋಡಿದೀರಾ?” ಎಂದಳು. ಅದಕ್ಕೇ ಅಲ್ಲವೇ ಸಂಕ್ರಾಂತಿ ಕಳೆದ ಭಾನುವಾರ ಅಪ್ಪಾಜಿ ನಮ್ಮಿಬ್ಬರನ್ನೂ ಕರೆದುಕೊಂಡು ಹಳ್ಳದ ಜೊತೆ ನಡೆದದ್ದು! ನೀನಾಗ ಬಿ.ಎಸ್ಸಿ. ಕೊನೆಯ ವರ್ಷ. ಚೀಲದಲ್ಲಿ ಅವಲಕ್ಕಿ, ತಲೆಯ ಮೇಲೆ ಟವೆಲು. ಬೋರೆಯಿಂದ ಇಳಿದ ನೀರು ಲಕ್ಕಿಗಿಡಗಳ ಮಧ್ಯೆ ತೆವಳುತ್ತ ಬಂದು, ನಮ್ಮ ಮನೆಯ ಹಿಂದೆ ದೊಡ್ಡ ಹೊಂಗೆಮರವನ್ನು ಒಂದು ಸುತ್ತು ಹಾಕಿ, ರಸ್ತೆಯ ಮೋರಿ ದಾಟಿ, ರೈಲುಹಳಿಯ ಕೆಳಗಿನ ಕಲ್ಲಿನ ಕಮಾನಿನಲ್ಲಿ ನುಸುಳಿ, ಆಚೆಗೆ ರಾಗಿಹೊಲ ತೆಂಗಿನತೋಟಗಳ ನಡುವೆ ನಿಧಾನವಾಗಿ ಹೋಗಿ ಕಲ್ಲುತೂಬಿನ ಕೆರೆಗೆ ಬೀಳುತ್ತಿತ್ತು. ಗಾಡಿಜಾಡಿನಲ್ಲಿ ಸಿಕ್ಕಿಕೊಂಡ ಏಡಿಯೊಂದನ್ನು ನೀನು ಎಲೆಯಲ್ಲಿ ಎತ್ತಿ ನೀರಿಗೆ ಬಿಟ್ಟೆ, ಅದು ಮುಳುಗುವವರೆಗೆ ನೋಡುತ್ತ ಕೂತೆ. ನೀನು ಮನೆ ಬಿಟ್ಟದ್ದು ಅವತ್ತೇ ಎಂದು ಅಮ್ಮ ಈಗಲೂ ಹೇಳುತ್ತಾಳೆ. ಕೆರೆಯ ಕೋಡಿಯವರೆಗೆ ನಡೆದು ನನ್ನ ಕಾಲು ಸೋತವು. ಮುಂದೆ ಬಸ್ಸು ಹತ್ತಿ ಹೊಳೆನರಸೀಪುರಕ್ಕೆ ಹೋಗಿ ಸೇತುವೆಯ ಮೇಲೆ ನಿಂತು ಹೇಮಾವತಿ ನೋಡಿದೆವು. ಆ ಕಡೆಯ ಹಳ್ಳಗಳ ನೀರೆಲ್ಲ ಇಲ್ಲಿಗೇ ಬರುವುದು ಎಂದು ಅಲ್ಲಿದ್ದವರೊಬ್ಬರು ಹೇಳಿದರು. ಅಪ್ಪಾಜಿ ಮನೆಗೆ ಬಂದವರೇ ಚಪ್ಪಲಿ ಬಿಡುವ ಮೊದಲೇ ಕೂಗಿದರು: “ಸೇರ್ತದೆ ಕಣೇ ಜಿನಮ್ಮ, ನೋಡ್ಕಂಡೇ ಬಂದೆ.”

ನೀನು ಹೋದ ಮೇಲೆ ಹಳ್ಳ ಹಾಗೆ ಉಳಿಯಲಿಲ್ಲ. ಬಡಾವಣೆ ಮಾಡಿದವರು ಇನ್ನೊಂದು ಸಾಲು ಸೈಟು ತೆಗೆದರು. ಅಂಕುಡೊಂಕಾಗಿ ಹರಿಯುವ ನೀರಿನಿಂದ ಜಾಗ ಹಾಳು ಎಂದು ಹೊಂಗೆಮರ ಕಡಿಸಿ, ಹಳ್ಳವನ್ನು ಎರಡು ಕಾಂಕ್ರೀಟ್ ಗೋಡೆಗಳ ಮಧ್ಯೆ ಹಾಕಿ, ನಮ್ಮ ಹಿತ್ತಿಲ ಹಿಂದೆ ಮೊಳಕೈ ಮಡಿಚಿದ ಹಾಗೆ ಥಟ್ಟನೆ ತಿರುಗಿಸಿದರು. ಮೊದಲು ಹಳ್ಳ ಹರಿಯುತ್ತಿದ್ದ ಜಾಗಕ್ಕೆ ಒಡೆದ ಮನೆಗಳ ಇಟ್ಟಿಗೆಚೂರು, ಮಣ್ಣು ತುಂಬಿ ಮಟ್ಟ ಮಾಡಿದರು. ಆಮೇಲೆ ಎಲ್ಲರ ಮನೆಯ ಚರಂಡಿಯೂ ಅದಕ್ಕೇ ಸೇರಿತು. ಕಲ್ಯಾಣಮಂಟಪದವರ ಊಟದ ಎಲೆ, ಥರ್ಮಾಕೋಲ್ ತಟ್ಟೆ, ಹೂವಿನ ಹಾರ ಎಲ್ಲ ಅಲ್ಲಿಗೇ. ವಾಸನೆಗೆ ನಾವು ಹಿಂದಿನ ಕಿಟಕಿ ತೆಗೆಯುವುದನ್ನೇ ಬಿಟ್ಟೆವು. ಅಪ್ಪಾಜಿ ಮಾತ್ರ ಬಿಡಲಿಲ್ಲ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಬಟ್ಟೆ ಜಾಲಾಡಿದ ನೀರನ್ನು ಚೆಂಬಿನಲ್ಲಿ ಹಿಡಿದು ಹಿತ್ತಿಲ ಬಾಗಿಲು ತೆಗೆದು ಹೋಗುತ್ತಿದ್ದರು. ಈ ಕೊಚ್ಚೆಗೆ ಬಿಟ್ಟರೆ ಅವು ಬದುಕುತ್ತವೆಯೇ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, “ಮಳೆಗಾಲದಲ್ಲಿ ಬದುಕ್ತವೆ” ಎಂದಿದ್ದರು.

ಹೋದ ಮಂಗಳವಾರಕ್ಕಿಂತ ಹಿಂದಿನ ಮಂಗಳವಾರದ ಮಾತು. ಮೂರು ದಿನದಿಂದ ಸುರಿಯುತ್ತಿದ್ದ ಮಳೆ ಬೆಳಿಗ್ಗೆ ಕೊಂಚ ಬಿಡುವು ಕೊಟ್ಟಿತ್ತು. ಹಳ್ಳ ಗೋಡೆಯ ಅಂಚಿನವರೆಗೆ ಕೆಂಪಗೆ ತುಂಬಿ ಬರುತ್ತಿತ್ತು. ಇವತ್ತು ಬೇಡ, ನಾಳೆ ಬಿಡಿ ಎಂದು ಅಮ್ಮ ಹೇಳಿದಳಂತೆ. ಸೋಸಿದ ನೀರನ್ನು ಅಷ್ಟು ಹೊತ್ತು ಇಟ್ಟುಕೊಳ್ಳಬಾರದು ಎಂದು ಅಪ್ಪಾಜಿ ಕೊಡೆ ಹಿಡಿದು ಹೊರಟರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವರು ಗೋಡೆಯವರೆಗೂ ಹೋಗಿರಲಿಲ್ಲ, ಅಕ್ಕ. ತುಂಬಿಸಿದ ಮಣ್ಣಿನ ಮೇಲೇ ನಿಂತು ಬಗ್ಗಿದ್ದರು. ತಿರುವಿನಲ್ಲಿ ನೀರು ಗೋಡೆಯ ಅಡಿಯನ್ನು ಕೊರೆದುಬಿಟ್ಟಿತ್ತು. ನೆಲ ಕೂತ ಹಾಗೆ ಕೂತಿತು, ಗೋಡೆ ಮಗ್ಗುಲಿಗೆ ಮಲಗಿತು. ಕೊಡೆ ಮಾತ್ರ ಮೇಲೆ ತೇಲುತ್ತ ತಿರುಗಿತಂತೆ. ಅಮ್ಮ ಕೂಗಿದ್ದು ಪಕ್ಕದ ಮನೆಯ ಭಾನುಪ್ರಿಯಾಗೆ ಕೇಳಿತು. ಅವಳೇ ನನಗೂ ಅಗ್ನಿಶಾಮಕದವರಿಗೂ ಫೋನ್ ಮಾಡಿದ್ದು.

ನಾನೂ ನಮ್ಮ ಯಜಮಾನರು ಶ್ರೇಯಾಂಸರೂ ಚನ್ನರಾಯಪಟ್ಟಣದ ಮನೆಯಿಂದ ಕಾರಿನಲ್ಲಿ ಬರುವ ಹೊತ್ತಿಗೆ ರಸ್ತೆಯ ಮೋರಿಯ ಬಾಯಲ್ಲಿ ಜನ ಸೇರಿದ್ದರು. ಹಾಸಿಗೆ, ಫ್ಲೆಕ್ಸು, ತೆಂಗಿನಗರಿ, ಥರ್ಮಾಕೋಲು ಎಲ್ಲ ಸೇರಿ ಮೋರಿ ಕಟ್ಟಿಕೊಂಡಿತ್ತು. ಅಪ್ಪಾಜಿ ಅದರೊಳಗೇ ಇದ್ದಾರೆ ಎಂದು ಎಲ್ಲರೂ ಅಂದುಕೊಂಡಿದ್ದರು. ಜೆಸಿಬಿ ತಂದು ಎಳೆದರು. ಒಂದೊಂದು ಸಲ ಅದರ ಕೈ ಮೇಲೆ ಬಂದಾಗಲೂ ನಾನು ಕಣ್ಣು ಮುಚ್ಚಿದೆ. ಕಸ ಬಂತು, ಸತ್ತ ನಾಯಿ ಬಂತು, ಅಪ್ಪಾಜಿಯ ಒಂದು ಚಪ್ಪಲಿ ಬಂತು. ಅವರು ಬರಲಿಲ್ಲ. ಕಟ್ಟಿಕೊಳ್ಳುವ ಮೊದಲೇ ದಾಟಿಹೋಗಿದ್ದರು.

ಹೆಂಗಸರು ಮನೆಯಲ್ಲಿರಿ ಎಂದು ಎಲ್ಲರೂ ಹೇಳಿದರು. ಇರಲಿಲ್ಲ. ಈ ಹಳ್ಳ ಎಲ್ಲಿಗೆ ಹೋಗುತ್ತದೆ ಎಂದು ಅಲ್ಲಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಒಳಚರಂಡಿ ಪೈಪಿಗೆ ಎಂದರು ಒಬ್ಬರು, ದೊಡ್ಡ ಚರಂಡಿಗೆ ಎಂದರು ಇನ್ನೊಬ್ಬರು. ನಾವು ಮೂವರು ನಡೆದದ್ದು ನನಗೆ ನೆನಪಿತ್ತು. ಶ್ರೇಯಾಂಸರ ಕೈ ಹಿಡಿದು ಕಲ್ಯಾಣಮಂಟಪದ ಹಿಂದಿನಿಂದ ಇಳಿದೆ. ನಾವು ಅವಲಕ್ಕಿ ತಿಂದ ಬಂಡೆಯ ಮೇಲೆ ಈಗ ಯಾರದೋ ಗೋಡೌನು. ಅದನ್ನು ಬಳಸಿ ಹೋಗುವುದರಲ್ಲಿ ಹೊತ್ತು ಇಳಿಯಿತು. ರೈಲುಹಳಿಯ ಕಮಾನಿನಲ್ಲಿ ನೀರು ಎದೆಮಟ್ಟ ಇತ್ತು. ಕತ್ತಲಾಗುತ್ತಿದೆ, ಇನ್ನು ಬೆಳಿಗ್ಗೆಯೇ ಎಂದು ಅಗ್ನಿಶಾಮಕದವರು ಅಲ್ಲಿಗೆ ನಿಲ್ಲಿಸಿದರು. ಮನೆಗೆ ಬಂದರೆ ಅಮ್ಮ ಅದೇ ಬಾಗಿಲಲ್ಲಿ ನಿಂತಿದ್ದಳು. ನನ್ನ ಸೀರೆಯ ಅಂಚು ನೋಡಿದಳು. “ಕೆರೇವರ್ಗೂ ಹೋಗಿಲ್ವಾ?” ಎಂದಳು. ಇಲ್ಲ ಎಂದೆ. “ಅವರು ಹೋಗಿರ್ತಾರೆ” ಎಂದಳು.

ಬುಧವಾರ ಬೆಳಕು ಹರಿಯುತ್ತಿದ್ದಂತೆ ಹಳಿಯ ಆಚೆಗೆ ಹೋದೆವು. ಅಲ್ಲಿ ಹಳ್ಳವೇ ಕಾಣಲಿಲ್ಲ. ಎಲ್ಲಿ ನೋಡಿದರೂ ಮಲಗಿದ ರಾಗಿ ಪೈರು, ಅದರ ಮೇಲೆ ಕೆಂಪು ನೀರು. ತೋಟದ ಬೇಲಿಯ ಹತ್ತಿರ ಒಬ್ಬರು ಮಚ್ಚು ಹಿಡಿದು ಕೊಚ್ಚಿಬಂದ ಪೊದೆ ಬಿಡಿಸುತ್ತಿದ್ದರು. ಪಾಲಾಕ್ಷ ಎಂದು ಹೆಸರು, ಆ ತೆಂಗಿನತೋಟ ಅವರದೇ. ನಮ್ಮನ್ನು ನೋಡಿದವರು ಯಾರನ್ನು ಹುಡುಕುತ್ತಿದ್ದೀರಿ ಎಂದೂ ಕೇಳಲಿಲ್ಲ. ಮಚ್ಚು ಕೆಳಗಿಟ್ಟು ಅಡ್ಡ ಬಂದು ನಿಂತರು. “ನೀವು ಇಲ್ಲೇ ನಿಂತ್ಕಳಿ ಕಣವ್ವ. ಯಜಮಾನ್ರು ಬರ್ಲಿ ಸಾಕು.” ನನಗೆ ಅರ್ಥವಾಯಿತು. ಅವರು ನನ್ನ ತಂದೆ, ನಾನು ಬರಬೇಕು ಎಂದೆ. ಆತ ಪಕ್ಕಕ್ಕೆ ಸರಿದರು. “ನೀರು ಹಳೇ ಜಾಡು ಹಿಡ್ಕಂಡು ಬಂದ್ಬುಡ್ತು. ಈಗ ಬೆಳಿಗ್ಗೆ ನೋಡ್ದೆ. ಪೋಲೀಸ್ರಿಗೆ ಏಳಿವ್ನಿ. ಮುಟ್ಟಿಲ್ಲ ಕಣವ್ವ, ಬಟ್ಟೆ ಒದ್ಸಿವ್ನಿ ಅಷ್ಟೇಯ” ಎಂದರು. ಎರಡು ತೆಂಗಿನಮರಗಳ ನಡುವಿನ ತಗ್ಗಿನಲ್ಲಿ, ನೀರು ಇಳಿದುಹೋದ ಜಾಗದಲ್ಲಿ, ಹೊಸ ಪಂಚೆಯೊಂದು ಹೊದಿಸಿತ್ತು. ಮಡಿಕೆಯ ಗೆರೆ ಇನ್ನೂ ಹಾಗೇ ಇತ್ತು. ಹಬ್ಬಕ್ಕೆ ತಂದಿಟ್ಟುಕೊಂಡದ್ದಿರಬೇಕು. ಮುಖ ಬೇಡ ಎಂದು ಶ್ರೇಯಾಂಸರು ನನ್ನನ್ನು ಹಿಡಿದುಕೊಂಡರು. ಪಾದ ನೋಡಿದೆ. ಅದು ಅಪ್ಪಾಜಿಯ ಪಾದವೇ, ಅಕ್ಕ, ಎಡಗಾಲ ಹೆಬ್ಬೆರಳು ಒಳಕ್ಕೆ ಬಾಗಿದ್ದು. ಬಸದಿಯಲ್ಲಿ ನಮಸ್ಕಾರ ಮಾಡುವಾಗ ನಾವಿಬ್ಬರೂ ಹಿಂದೆ ಕೂತು ಅದನ್ನು ನೋಡಿ ನಗುತ್ತಿದ್ದೆವಲ್ಲ. ಮಣ್ಣು ಮೆತ್ತಿತ್ತು. ಪೋಲೀಸರು ಬರುವವರೆಗೆ ಮುಟ್ಟಬೇಡ ಎಂದು ಶ್ರೇಯಾಂಸರು ಒರೆಸಲೂ ಬಿಡಲಿಲ್ಲ. ಪೋಲೀಸರು ಬರುವ ತನಕ ಪಾಲಾಕ್ಷ ಒಂದು ಗರಿ ಹಿಡಿದು ನೊಣ ಓಡಿಸುತ್ತ ನಿಂತಿದ್ದರು.

ಆಸ್ಪತ್ರೆಯ ಕೆಲಸ ಮುಗಿಸಿ ಹೊತ್ತು ಮುಳುಗುವ ಮೊದಲು ಎಲ್ಲ ಮಾಡಿದೆವು. ಗಂಡುಮಕ್ಕಳಿಲ್ಲದ ಮನೆ, ಬೆಂಕಿ ಇಟ್ಟದ್ದು ಶ್ರೇಯಾಂಸರು. ಅಮ್ಮ ಅಳಲಿಲ್ಲ. ಕಟ್ಟಿಗೆಗೆ ಹುಳು ಹಿಡಿದಿದೆಯೇ ನೋಡಿದಿರಾ, ಕೊಡವಿದಿರಾ ಎಂದು ಒಂದು ಸಲ ಕೇಳಿದಳು. ಆಮೇಲೆ ತಾನೇ ನಕ್ಕಳು. ಆ ನಗು ನೀನು ಕೇಳಬಾರದಿತ್ತು, ಕೇಳಲಿಲ್ಲ, ಒಳ್ಳೆಯದೇ ಆಯಿತು. “ಕಣ್ಗೆ ಕಾಣದ್ ಹುಳ ಉಳಿಸೋಕೆ ಹೋಗಿ ಮನುಷ್ಯ ಹೋದ್ರಲ್ಲ” ಎಂದಳು. ಯಾರಿಗೆ ಹೇಳಿದಳೋ ಗೊತ್ತಿಲ್ಲ. ಬಸದಿಯಿಂದ ಬಂದಿದ್ದವರೆಲ್ಲ ತಲೆ ತಗ್ಗಿಸಿದರು.

ಶುಕ್ರವಾರ ಸರ್ವೆಯವರು ಬಂದರು. ಒಬ್ಬ ಹುಡುಗಿ, ಚಿಕ್ಕ ವಯಸ್ಸು, ಸಾವಿನ ಮನೆಗೆ ಬಂದದ್ದಕ್ಕೆ ಸಂಕೋಚಪಡುತ್ತಿದ್ದಳು. ಹಳೆಯ ನಕ್ಷೆಯ ಪ್ರಕಾರ ಹಳ್ಳದ ಜಾಗ ಎಲ್ಲಿಂದ ಎಲ್ಲಿಗೆ ಎಂದು ಸರಪಳಿ ಎಳೆದರು. ಅದು ಹಿತ್ತಿಲಲ್ಲಿ ನಿಲ್ಲಲಿಲ್ಲ. ಬಾಗಿಲು ದಾಟಿ ಒಳಗೆ ಬಂತು. “ತಪ್ಪು ತಿಳ್ಕೋಬೇಡಿ ಮೇಡಂ, ಹಳ್ಳ ಇರೋದೇ ಇಲ್ಲಿ. ನಿಮ್ಮ ಅಡಿಗೆಮನೆ, ದೇವರಮನೆ ಎಲ್ಲ ಅದ್ರ ಮೇಲಿದೆ” ಎಂದಳು. ಮೊದಲು ಸೈಟು ಮಾಡುವಾಗಲೇ ಹಳ್ಳವನ್ನು ಒಮ್ಮೆ ಹಿಂದಕ್ಕೆ ಸರಿಸಿದ್ದರಂತೆ. ಅಪ್ಪಾಜಿ ಸೈಟು ಕೊಂಡಾಗ ಇದನ್ನು ಯಾರೂ ಹೇಳಿರಲಿಲ್ಲ. ಅವರಿಗೂ ಕೇಳಬೇಕೆಂದು ಹೊಳೆದಿರಲಿಲ್ಲ. ಹಳ್ಳ ಸೇರುವ ಜಾಗ ನೋಡಲು ಹೊಳೆನರಸೀಪುರದವರೆಗೆ ಹೋದ ಮನುಷ್ಯ, ಅದು ಹೊರಡುವ ದಾರಿಯ ಮೇಲೇ ಮಂಚ ಹಾಕಿಕೊಂಡು ಮಲಗಿದ್ದರು. ಕಾಂಪೌಂಡಿನ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋದರು. ನಮ್ಮದೊಂದೇ ಅಲ್ಲ, ಸಾಲಿನ ಎಲ್ಲ ಮನೆಗಳಿಗೂ. ಒಡೆಯುತ್ತಾರೋ, ಬರೀ ಹೆದರಿಸಿ ಬಿಡುತ್ತಾರೋ ಯಾರಿಗೂ ತಿಳಿಯದು. ಬಡಾವಣೆ ಮಾಡಿದವರ ಫೋನು ಹತ್ತುತ್ತಿಲ್ಲ. ಸಾಲಿನ ಮನೆಯವರೆಲ್ಲ ಸಭೆ ಸೇರಿ ವಕೀಲರನ್ನು ಹಿಡಿದಿದ್ದಾರೆ. ನಮ್ಮ ಪರವಾಗಿ ಶ್ರೇಯಾಂಸರು ಸಹಿ ಹಾಕಿ ಬಂದರು. ಆದರೆ ಅಕ್ಕ, ಸಭೆಯಲ್ಲಿ ಎಲ್ಲರೂ ಕೇಳುತ್ತಿರುವುದು ಮುರಿದ ಗೋಡೆಯನ್ನು ಅದೇ ಜಾಗದಲ್ಲಿ ಇನ್ನೂ ಎತ್ತರಕ್ಕೆ ಕಟ್ಟಿಕೊಡಿ ಎಂದು. ಅದೇ ತಿರುವು, ಅದೇ ಮೊಳಕೈ. ನಾನು ಎದ್ದು, ಬೇಡ, ಹಳ್ಳ ಹೋಗಬೇಕಾದ ಕಡೆ ಹೋಗಲಿ ಬಿಡಿ ಎಂದೆ. ಒಬ್ಬರು, “ನಿಮ್ಗೇನಮ್ಮ, ನಿಮ್ದು ಚನ್ನರಾಯಪಟ್ಟಣ” ಎಂದರು. ಅದೂ ನಿಜವೇ.

ಮಳೆ ನಿಂತಿದೆ. ಹಳ್ಳ ಮತ್ತೆ ಒಂದು ಗೇಣು ಆಳದ ಕೊಚ್ಚೆಯಾಗಿದೆ. ಹಿತ್ತಿಲಲ್ಲಿ ಅಪ್ಪಾಜಿ ನಿಂತಿದ್ದ ಜಾಗ ದೊಡ್ಡ ಹೊಂಡ. ಕಸ ಹಾಕುವವರು ಅಲ್ಲಿಗೆ ಆಗಲೇ ಕಸ ಹಾಕಲು ಶುರು ಮಾಡಿದ್ದಾರೆ. ನಿನ್ನೆ ಪಾಲಾಕ್ಷ ಬಂದಿದ್ದರು, ದುಃಖ ಕೇಳಲು. ಕೂರಲು ಹೇಳಿದರೂ ಕೂರಲಿಲ್ಲ. ಆ ತಗ್ಗಿನಲ್ಲಿ ನೀರು ಇನ್ನೂ ನಿಂತಿದೆ, ಎರಡು ಮರಗಳ ಬುಡ ಸಡಿಲವಾಗಿದೆ ಎಂದರು. ಪಂಚೆಯ ಮಾತು ನಾನು ಎತ್ತಿದ್ದಕ್ಕೆ, “ಬುಡಿ ಕಣವ್ವ, ಅದ್ಯಾತರ ಮಾತು” ಎಂದು ಹೊರಟೇಬಿಟ್ಟರು.

ಬರೆಯುತ್ತ ಬರೆಯುತ್ತ ಕೈ ಸೋತಿತು. ನಿನ್ನ ಮನಸ್ಸಿಗೆ ಕಲಕು ಮಾಡಿದ್ದರೆ ಆ ದೋಷ ನನಗಿರಲಿ. ನಿಮ್ಮ ಗುರುಗಳಿಗೆ ನಮ್ಮೆಲ್ಲರ ನಮೋಸ್ತು, ಸಂಘದ ಮಾತಾಜಿಯವರೆಲ್ಲರಿಗೂ ವಂದಾಮಿ. ಶೋಭಿತಾ ದೀದಿಗೆ ಜೈ ಜಿನೇಂದ್ರ ಹೇಳು. ಮೊಣಕಾಲಿಗೆ ಬಿಸಿ ಎಣ್ಣೆ ಹಚ್ಚಿಸಿಕೊಳ್ಳುವುದು ನಿಯಮಕ್ಕೆ ಅಡ್ಡಿಯಿಲ್ಲವಾದರೆ ಹಚ್ಚಿಸಿಕೋ. ಅಪ್ಪಾಜಿಯ ಜೀವ ಎಲ್ಲಿದ್ದರೂ ಶಾಂತವಾಗಿರಲಿ ಎಂದು ನಿನ್ನ ಬಾಯಿಂದ ಒಂದು ಸಲ ಬರಲಿ.

ನಿನ್ನ ತಂಗಿ,
ಪ್ರಾರ್ಥನಾ

ತಾ.ಕ.: ಅಮ್ಮನ ವಿಷಯ ಕೊನೆಗೆ ಎಂದು ಹೇಳಿ ಬರೆಯದೆ ಮುಗಿಸಿದೆ. ಧೈರ್ಯ ಬರಲಿಲ್ಲ. ಸರ್ವೆಯವರು ಹೋದ ಶುಕ್ರವಾರದಿಂದ ಅಮ್ಮ ಊಟ ಬಿಟ್ಟಿದ್ದಾಳೆ. ಬರೀ ನೀರು. ಅರಕಲಗೂಡಿನಿಂದ ಚಿಕ್ಕಮ್ಮ ಬಂದಿದ್ದಾಳೆ, “ನಮ್ಮಕ್ಕ ವ್ರತ ತಗಂಡವ್ಳೆ, ಪುಣ್ಯವಂತೆ” ಎಂದು ಎಲ್ಲರಿಗೂ ಫೋನ್ ಮಾಡಿದ್ದಾಳೆ. ನೆಂಟರು ಬಂದು ಕಾಲು ಮುಟ್ಟಿ ಹೋಗುತ್ತಿದ್ದಾರೆ, ಮಂಚದ ಸುತ್ತ ಕೂತು ಸ್ತೋತ್ರ ಹೇಳುತ್ತಿದ್ದಾರೆ. ಇದು ಸಲ್ಲೇಖನ ಅಲ್ಲ, ಅಕ್ಕ. ಗುರುಗಳಿಲ್ಲ, ಅನುಮತಿಯಿಲ್ಲ, ಶಾಂತಿಯೂ ಇಲ್ಲ. ಇದು ಸಿಟ್ಟು. ನಾನು ಮಂಡಿಯೂರಿ ಕೇಳಿದೆ, ಯಾರನ್ನ ಕೇಳಿ ಇದನ್ನ ಹಿಡಿದೆ ಅಮ್ಮಾ ಎಂದು. ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು: “ನಿಮ್ಮಕ್ಕ ಯಾರನ್ನ ಕೇಳಿ ಹೋದ್ಲು?”

ನನ್ನ ಮಾತು ಅವಳಿಗೆ ಬೇಡ. ದೀದಿ ಫೋನಿನಲ್ಲಿ ಹೇಳಿದರೆ ನಾನೇ ಹೇಳಿಸಿದೆ ಎನ್ನುತ್ತಾಳೆ. ದೀಪಾವಳಿಗೆ ಚಾತುರ್ಮಾಸ ಮುಗಿದು ನೀನು ಹೊರಟರೂ ಅಷ್ಟು ದೂರ ನಡೆದು ಬರುವಷ್ಟರಲ್ಲಿ ಅವಳು ಇರುವುದಿಲ್ಲ. ನಿನ್ನ ಕೈಬರಹ ಅವಳಿಗೆ ಗೊತ್ತು. ‘ಇದು ವ್ರತವಲ್ಲ, ಉಣ್ಣು’ ಎಂದು ಒಂದು ಸಾಲು ಬರೆದುಕೊಡು. ಮಗಳಾಗಿ ಬರೆಯಬಾರದು ಎಂದಿದ್ದರೆ ಮಾತಾಜಿಯಾಗಿ ಆಜ್ಞೆ ಮಾಡು, ಯಾವುದಾದರೂ ಸರಿ. ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ಶ್ರೇಯಾಂಸರು ಕಾರು ಹೊರಗೆ ತೆಗೆದು ಕಾಯುತ್ತಿದ್ದಾರೆ, ಅವರೇ ತರುತ್ತಾರೆ. ಓದಿ ಮುಗಿಸುವವರೆಗೂ ಬಸದಿಯ ಹೊರಗೇ ನಿಂತಿರುತ್ತಾರೆ. ಅವರನ್ನು ಬರಿಗೈಯಲ್ಲಿ ಕಳಿಸಬೇಡ.